ನಾಲ್ಕನೆಯ ಮೂಲೆ

ಬೇವಿನ ಎಲೆಯ ನೆರಳು ಗೋಡೆಯ ಮೇಲೆ ಅಲ್ಲಾಡುತ್ತಿದೆ, ಅಲ್ಲಾಡಲಿ, ನೆರಳಿಗೆ ಬಾಯಿಲ್ಲ, ಅದು ನನ್ನ ಹೆಸರು ಹಿಡಿದು ಕೂಗುವುದಿಲ್ಲ, ಅಷ್ಟು ಸಾಕು — ಚಾದರದ ಒಂದು ಅಂಚು ಗದ್ದದ ಕೆಳಗೆ, ಎರಡು ಮೂಲೆ ಎರಡು ಕೈಯಲ್ಲಿ, ಹೀಗೆ ಮಡಚಿದರೆ ಮೂಲೆಗೆ ಮೂಲೆ ಕೂಡುತ್ತದೆ, ಈ ದವಾಖಾನೆಯಲ್ಲಿ ಒಗೆದು ಒಣಗಿಸಿದ ಚಾದರಗಳೆಲ್ಲ ಈಗ ನನ್ನ ಪಾಲು, ಶಿವಲಕ್ಷ್ಮಿ ಸಿಸ್ಟರು ಹಚ್ಚಿಕೊಟ್ಟ ಕೆಲಸ, ನೋಡ ಅಲ್ಮಾಸಬಿ, ಕೈ ಖಾಲಿ ಬಿಡಬ್ಯಾಡ, ಕೈಯಾಗ ಏನರೆ ಹಿಡದಿದ್ದರ ಕಿವಿ ಕಡೆ ಲಕ್ಷ್ಯ ಕಡಿಮಿ ಆಗತೈತಿ ಅಂದಿದ್ದಳು, ಬಾಳೆಹೊಸೂರಿನವಳು, ಮಾತು ಒರಟು, ಕೈ ಮೆತ್ತಗೆ, ಇಂಜೆಕ್ಷನ್ ಮಾಡಿದರೂ ಗೊತ್ತಾಗುವುದಿಲ್ಲ. ನನಗೇನು ಬಟ್ಟೆ ಮಡಚುವುದನ್ನು ಕಲಿಸಬೇಕೇ, ಡೋಣಿ ಎಂಬ ಊರಿನಲ್ಲಿ ಹತ್ತಿ ಹಿಂಜುವವನ ಮಗಳಾಗಿ ಹುಟ್ಟಿ ಬೆಟಗೇರಿಯಲ್ಲಿ ಗಾದಿ ಹೊಲಿಯುವವನ ಹೆಂಡತಿಯಾದವಳು ನಾನು, ಹತ್ತಿ ಮತ್ತು ದಾರದ ನಡುವೆಯೇ ತಲೆ ನೆರೆಯಿತು, ಇದರಾಗ ಯಾವುದು ನರೆಗೂದಲು ಯಾವುದು ಹತ್ತಿ ಯವ್ವಾ ಎಂದು ಅಲ್ಫಿಯಾ ಹಿಂದೆ ನಿಂತು ಆರಿಸುತ್ತಿದ್ದಳು, ಆರಿಸುತ್ತ ನಗುತ್ತಿದ್ದಳು — ಅಲ್ಫಿಯಾ, ನನ್ನ ಮಗಳು, ಒಬ್ಬಳೇ ಮಗಳು, ನಾಡಿದ್ದು ಭಾನುವಾರ ಅವಳ ನಿಖಾ. ಇವತ್ತು ಶುಕ್ರವಾರ. ನಾಳೆ ಡಾಕ್ಟರು ಬರುತ್ತಾರೆ, ಸಿಸ್ಟರನ್ನು ಕೇಳುತ್ತಾರೆ, ಇವಳು ತನಗೊಬ್ಬಳಿಗೇ ಕೇಳುವ ದನಿಗಳಿಗೆ ಉತ್ತರ ಕೊಟ್ಟಳೇ, ತಿರುಗಿ ನೋಡಿದಳೇ, ಇಲ್ಲ ಅಂದರೆ ಮನೆಗೆ, ಹೌದು ಅಂದರೆ ಇಲ್ಲೇ. ಅದಕ್ಕೇ ಕಿಟಕಿಗೆ ಬೆನ್ನು ಕೊಟ್ಟು, ಗೋಡೆಗೆ ಮುಖ ಮಾಡಿ ಕುಳಿತಿದ್ದೇನೆ, ಬೇಕೆಂದೇ, ನಾಳೆಯವರೆಗೂ ಹೀಗೇ ಕುಳಿತಿರುತ್ತೇನೆ, ಕುತ್ತಿಗೆ ಸೆಟೆದುಕೊಂಡರೂ ಸರಿ.

ಗಮನಿಸಿ, ಅಲ್ಮಾಸಬಿ ಈಗ ಇನ್ನೊಂದು ಚಾದರವನ್ನು ಕೈಗೆತ್ತಿಕೊಂಡಿದ್ದಾಳೆ — ಬಂದನಲ್ಲ, ಮೈಕಿನವನು, ಉಂಡು ಒಂದು ಗಳಿಗೆ ಅಡ್ಡಾಗಿದ್ದನೇನೋ, ಎದ್ದ. ನಾನು ಇಟ್ಟ ಹೆಸರು ಅದು, ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಮಾತಾಡುವವನ ಹಾಗೆ ಪುಸ್ತಕದ ಕನ್ನಡ ಅವನದು, ನಮ್ಮ ಓಣಿಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ಎದ್ದರೆ ಎದ್ದಳು ಅನ್ನುತ್ತಾನೆ, ನೀರು ಕುಡಿದರೆ ಕುಡಿದಳು ಅನ್ನುತ್ತಾನೆ, ಮೋರಿಗೆ ಕುಳಿತರೂ ಬಿಡುವುದಿಲ್ಲ ಮೂಳ, ಲೋಕಕ್ಕೆಲ್ಲ ಸಾರುತ್ತಾನೆ. ತಮಾಷೆ ಏನೆಂದರೆ ಖರೆ ಬಸ್‌ಸ್ಟ್ಯಾಂಡಿನ ಮೈಕೂ ಇಲ್ಲಿಗೆ ಕೇಳುತ್ತದೆ, ಗಾಳಿ ಈ ಕಡೆ ಬೀಸಿದಾಗ, ಪ್ರಯಾಣಿಕರು ಗಮನಿಸಿ, ಶಿರಹಟ್ಟಿ ಮಾರ್ಗವಾಗಿ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು, ಮುಂಡರಗಿಗೆ ಹೋಗುವ ಬಸ್ಸು, ಎರಡೂ ಒಂದೇ ರಾಗ, ಒಂದೇ ಗಂಟಲು, ಒಂದು ಎಲ್ಲರಿಗೆ ಕೇಳುವುದು, ಒಂದು ನನಗೊಬ್ಬಳಿಗೇ ಕೇಳುವುದು, ಯಾವುದು ಯಾವುದೆಂದು ಹೇಗೆ ಆರಿಸಲಿ, ಇದೇನು ನರೆಗೂದಲೇ. ಪಕ್ಕದ ಮಂಚದ ಅಮೃತವ್ವನನ್ನು ಕೇಳುತ್ತಿದ್ದೆ, ಹಿರೇವಡ್ಡಟ್ಟಿಯ ಮುದುಕಿ, ಅಮೃತವ್ವಾ ಅಜಾನ್ ಕೇಳಸ್ತೇನ ನಿನಗ ಎಂದು, ಅವಳು, ಅಜಾನ್ ಅಲ್ಲ ನೋಡವಾ ಅದು, ನನ್ನ ಗಂಡ ಬೈಯಾಕತ್ತಾನ, ಸತ್ತು ಎಷ್ಟ ವರ್ಷ ಆದ್ರೂ ಬಾಯಿ ಮುಚ್ಚವಲ್ಲ ಭಾಡ್ಯಾ ಅನ್ನುತ್ತಾಳೆ. ಹುಚ್ಚಿಗೆ ಹುಚ್ಚಿ ಸಾಕ್ಷಿ. ಇಬ್ಬರೂ ನಕ್ಕಿದ್ದೆವು ಆವತ್ತು, ನಗುತ್ತ ನಗುತ್ತ ನನಗೆ ಅಳು ಬಂತು, ಯಾಕೆಂದರೆ ಅಜಾನ್ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ದನಿ ಮೊದಲು ಬಂದದ್ದು ಹತ್ತಿ ಹಿಂಜುವ ಬಿಲ್ಲಿನಿಂದ. ಮಾವ ಯಮನೂರಸಾಬರ ಬಿಲ್ಲು, ಅವರು ತೀರಿಕೊಂಡ ಮೇಲೆ ಗೋಡೆಗೆ ನೇತು ಹಾಕಿದ್ದೆವು, ನನ್ನ ಗಂಡ ಮಹಬೂಬಸಾಬ ಹಿಂಜುವ ಮಷಿನ್ ತಂದಿದ್ದ, ಮಷಿನ್ ಗರಗರ ತಿರುಗಿ ನಿಂತ ಮೇಲೆ ಆ ಮೌನದಲ್ಲಿ ಬಿಲ್ಲಿನ ನಾರು ತನ್ನಷ್ಟಕ್ಕೆ ತಾನೇ ಟೊಂಯ್ ಎಂದಿತು, ಟೊಂಯ್ ಒಳಗೆ ನನ್ನ ಹೆಸರು, ಅಲ್ಮಾಸ, ಅಲ್ಮಾಸ, ಮಾವ ಕರೆಯುತ್ತಿದ್ದ ಹಾಗೆಯೇ, ನನಗೆ ಹೆದರಿಕೆಯೇ ಆಗಲಿಲ್ಲ, ಓ ಅಂದೆ. ಅಲ್ಲಿಂದ ಶುರು. ಆಮೇಲೆ ಅತ್ತೆ ಸುಗ್ರಾಬಿ ಬಂದಳು, ಅವಳು ಮಾವನಿಗಿಂತ ಮೊದಲೇ ಮಣ್ಣಾದವಳು, ರೊಟ್ಟಿ ಸುಟ್ಟಿ, ದಾರ ಗಂಟು ಹಾಕಿದಿ, ನಿನ್ನ ತವರಿನವರಿಗೆ ಹಿಂಗ ಆಗಬೇಕು ಎಂದು, ಬದುಕಿದ್ದಾಗ ಬಿಟ್ಟದ್ದನ್ನೆಲ್ಲ ಲೆಕ್ಕ ತೀರಿಸುವ ಹಾಗೆ. ಗಂಡನಿಗೆ ಹೇಳಿದೆ, ಮೊದಲು ನಕ್ಕ, ಆಮೇಲೆ ನಗಲಿಲ್ಲ, ತಾಯತ ಕಟ್ಟಿಸಿದ, ಧಾರವಾಡದ ಹುಚ್ಚಿನ ದವಾಖಾನೆಗೆ ಕರೆದುಕೊಂಡು ಹೋದ, ರೈಲಿನಲ್ಲಿ ಕಿಟಕಿ ಪಕ್ಕ ನನಗೇ ಬಿಟ್ಟು ಕುಳಿತಿದ್ದ, ಕಡಲೆ ಕೊಡಿಸಿದ್ದ, ಆಗ ಒಳ್ಳೆಯವನೇ ಇದ್ದ. ಗದಗ ಬೇರೆ ಜಿಲ್ಲೆಯಾಯಿತು, ಇನ್ನ ಧಾರವಾಡಕ್ಕ ಅಡ್ಡಾಡೂದು ತಪ್ಪಿತು, ಇಲ್ಲೇ ಡಾಕ್ಟರ ಬಂದಾರ, ಸಮೀಪ ಆತು ನೋಡು, ದಿನಾ ಬಂದು ಹೋಗ್ತೀನಿ ಎಂದ. ಸಮೀಪವೇ ಆಯಿತು, ಬೆಟಗೇರಿ ಇಲ್ಲಿಂದ ಕೂಗಳತೆಯಲ್ಲಿದೆ, ಅವನು ಬರುವುದೇ ಅಪರೂಪವಾಯಿತು. ಗುಳಿಗೆ ತಿಂದು ತಿಂದು ಸುಗ್ರಾಬಿ ಹೋದಳು, ಮಾವ ಹೋದರು, ನಾಲಿಗೆ ಒಣಗಿತು, ಕೈ ನಡುಗಹತ್ತಿತು, ಉಳಿದವರು ಇಬ್ಬರೇ, ಒಬ್ಬ ಈ ಮೈಕಿನವನು, ಇನ್ನೊಬ್ಬಳು — ಬೇಡ, ಅವಳ ನೆನಪು ಈಗ ಬೇಡ, ನೆನೆದರೆ ಬಂದುಬಿಡುತ್ತಾಳೆ, ಚಾದರ ಹಿಡಿ, ಮೂಲೆಗೆ ಮೂಲೆ ಕೂಡಿಸು.

ಮೂಲೆ ಅಂದರೆ ಕೌದಿಯೇ ಕಣ್ಣೆದುರು ಬರುತ್ತದೆ, ಏನು ಮಾಡಿದರೂ ಬರುತ್ತದೆ, ಅಲ್ಫಿಯಾಳ ಕೌದಿ, ಅದರ ನಾಲ್ಕನೆಯ ಮೂಲೆಯಿಂದ ಜೋತುಬಿದ್ದ ಕೆಂಪು ದಾರ. ಅವ್ವನ ಹಸಿರು ಸೀರೆ, ಅತ್ತೆಯ ಕಂದು ಸೀರೆ, ಅಲ್ಫಿಯಾಳ ಶಾಲೆಯ ನೀಲಿ ಲಂಗ, ಮಾವನ ರುಮಾಲು, ಎಲ್ಲ ಹರಿದು ತುಂಡು ಮಾಡಿ, ಪದರ ಹಾಸಿ, ಒತ್ತೊತ್ತಾಗಿ ಟಾಕಿ ಹೊಲಿಗೆ ಹಾಕಿದ್ದೆ, ಊರವರಿಗೆಲ್ಲ ಹೊಲಿದುಕೊಟ್ಟ ಕೈ, ಮಗಳಿಗೆ ಕಡಿಮೆ ಮಾಡುತ್ತದೆಯೇ. ನಮ್ಮ ಮನೆತನದಲ್ಲಿ ಒಂದು ಪದ್ಧತಿ, ಮದುವೆಯಾಗಿ ಹೋಗುವವಳ ಕೌದಿಗೆ ಮೂರು ಮೂಲೆ ಯಾರಾದರೂ ಹೊಲಿಯಬಹುದು, ನಾಲ್ಕನೆಯದು ಮಾತ್ರ ತಾಯಿಯ ಕೈಯಿಂದಲೇ ಆಗಬೇಕು, ಒಳಗೆ ಒಂದು ಹಿಡಿ ಜೋಳ ಇಟ್ಟು ತಾಯಿ ಮೂಲೆಯ ಬಾಯಿ ಹೊಲಿದು ಮುಚ್ಚುತ್ತಾಳೆ, ಕೌದಿ ಹೊದ್ದವಳ ಹೊಟ್ಟೆ ತಣ್ಣಗಿರಲಿ ಎಂದು. ತಾಯಿ ಸತ್ತವಳ ಕೌದಿಗೆ ನಾಲ್ಕನೆಯ ಮೂಲೆ ಹೊಲಿಯುವುದಿಲ್ಲ, ಹಾಕಿದ ದಾರವನ್ನೂ ಕಿತ್ತು ಹಾಗೇ ಬಿಡುತ್ತಾರೆ, ಆ ಬಿಟ್ಟ ಮೂಲೆ ನೋಡಿದರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ನಾನು ಆ ಮೂಲೆಗೆ ಕೈ ಹಾಕಿದಾಗಲೇ ಮೈಕಿನವನು ಶುರು ಮಾಡಿದ, ಹೊಲಿಗೆ ಸೊಟ್ಟಗಿದೆ, ಬಿಚ್ಚುತ್ತಾಳೆ, ಬಿಚ್ಚಿದೆ, ಸೊಟ್ಟಗಿದೆ, ಬಿಚ್ಚುತ್ತಾಳೆ, ಮತ್ತೆ ಬಿಚ್ಚಿದೆ, ಹೊತ್ತು ಹೋದದ್ದು ತಿಳಿಯಲಿಲ್ಲ, ಊಟ ಬಿಟ್ಟೆ, ಬೆರಳ ತುದಿಯಲ್ಲಿ ರಕ್ತ ಬಂದರೂ ಹೊಲಿಯುವುದು ಬಿಚ್ಚುವುದು, ಕೊನೆಗೆ ಮಹಬೂಬಸಾಬ ರಟ್ಟೆ ಹಿಡಿದು ಎಬ್ಬಿಸಿ ಆಟೋದಲ್ಲಿ ಕೂಡಿಸಿ ಇಲ್ಲಿಗೆ ತಂದ, ಸೂಜಿ ಅಲ್ಲೇ ಕೌದಿಯಲ್ಲಿ ಸಿಕ್ಕಿಕೊಂಡಿತ್ತು, ಕೆಂಪು ದಾರ ನೆಲದವರೆಗೆ ಜೋತುಬಿದ್ದಿತ್ತು. ಹೊಸ್ತಿಲು ದಾಟುವಾಗ ತಿರುಗಿ ನೋಡಿದಾಗ ಕಂಡದ್ದು ಅದೊಂದೇ.

ಮಹಬೂಬಸಾಬ ಕರೆದುಕೊಂಡು ಹೋಗುತ್ತಾನೆ, ಮಾತು ಕೊಟ್ಟಿದ್ದಾನಲ್ಲ. ಹೋದ ಸಲ ಬಂದಾಗ ಮಂಚದ ತುದಿಗೆ ಕುಳಿತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ, ಲಕ್ಷ್ಮೇಶ್ವರದವರು, ಛಲೋ ಮಂದಿ, ಹುಡುಗನ ಹೆಸರ ಅಯ್ಯೂಬ, ಬಟ್ಟಿ ಅಂಗಡಿ ಐತಿ, ಭಾನುವಾರ ನಿಖಾ ಎಂದ. ನನ್ನ ಬಗ್ಗಿ ಏನಂತಾರ ಅವರು ಎಂದು ಕೇಳಿದೆ. ಏನಂತಾರ, ಏನಿಲ್ಲ ಅಂದ. ನನ್ನ ಕರಕೊಂಡು ಹೋಗ್ತೀರಿಲ್ಲೊ ಅಂದೆ. ಆರಾಮ ಆದ್ರ ನೋಡೂಣು, ಡಾಕ್ಟರ ಬಿಟ್ಟರ ನಾ ಯಾಕ ಬ್ಯಾಡ ಅನ್ನಲಿ ಅಂದ, ಹೇಳುತ್ತ ಚಪ್ಪಲಿಯ ಉಂಗುಷ್ಟದ ಪಟ್ಟಿಯೊಳಗೆ ಕಾಲ್ಬೆರಳು ಆಡಿಸುತ್ತಿದ್ದ, ಅವನು ಸುಳ್ಳು ಹೇಳುವಾಗ ಹಾಗೆ ಮಾಡುತ್ತಾನೆ, ಗಾದಿಯಲ್ಲಿ ಹಳೆ ಹತ್ತಿ ತುಂಬಿ ಹೊಸದು ಎಂದು ಮಾರುವಾಗಲೂ ಹಾಗೆಯೇ ಮಾಡುತ್ತಾನೆ, ನನಗೆ ಗೊತ್ತಿತ್ತು, ಗೊತ್ತಿದ್ದೂ ನಂಬಿದೆ, ನಂಬದಿದ್ದರೆ ನನಗೆ ಹಿಡಿಯಲು ಇನ್ನೇನಿದೆ. ನನ್ನ ನಿಖಾದಲ್ಲಿ ಖಾಜಿಯ ಕಡೆಯವರು ಪರದೆಯಾಚೆ ನಿಂತು ಕುಬೂಲ ಐತೇನು ಎಂದು ಕೇಳಿದಾಗ ನಾನು ಮಾತಾಡಲಿಲ್ಲ, ಸುಗ್ರಾಬಿಯೇ ನನ್ನ ಪರವಾಗಿ, ಸುಮ್ಮನದಾಳ, ಕುಬೂಲ ಆತು ಬರಕೋರಿ ಅಂದಳು, ಹುಡುಗಿ ಸುಮ್ಮನಿದ್ದರೆ ಒಪ್ಪಿದ ಹಾಗೆಯೇ, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು. ಅಲ್ಫಿಯಾಳ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಿರಬೇಕು ನಾನು, ಬೇಡವಾದರೆ ಬೇಡ ಅನ್ನು ಎಂದು ಕಿವಿಯಲ್ಲಿ ಹೇಳಬೇಕು, ನನಗೆ ಯಾರೂ ಹೇಳಲಿಲ್ಲ. ಅದಕ್ಕಾಗಿಯೇ ಈ ಗುಳಿಗೆ, ಈ ಚಾದರ, ಈ ಗೋಡೆ.

ಗಮನಿಸಿ, ಅಲ್ಮಾಸಬಿ ತೀರಿಕೊಂಡಿದ್ದಾಳೆ, ಮಣ್ಣು ಕೊಡುವವರು ಬೇಗ ಬರಬೇಕು — ಇದೂ ಅವನದೇ, ಹೊಸದೇನಲ್ಲ, ಎಷ್ಟು ತಿಂಗಳಾಯಿತು ಇದನ್ನೇ ಸಾರುತ್ತ ಬಂದು, ಮೊದಮೊದಲು ನನ್ನ ಮೂಗಿನ ಕೆಳಗೆ ಬೆರಳಿಟ್ಟು ಉಸಿರಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ, ಸಿಸ್ಟರ್‍ರ ನಾ ಸತ್ತೀನಂತ, ಖರೆ ಏನ್ರಿ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ, ಸತ್ತಾಕಿ ಹಿಂಗ ಎರಡ ರೊಟ್ಟಿ ತಿಂತಾಳೇನವಾ ಅನ್ನುತ್ತಿದ್ದಳು ಶಿವಲಕ್ಷ್ಮಿ. ಅವನೊಬ್ಬನೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು, ಅವಳೊಬ್ಬಳು ಬಂದಳಲ್ಲ, ಅಲ್ಫಿಯಾಳ ದನಿ ಕದ್ದವಳು, ಈ ಕಿಟಕಿಯಿಂದಲೇ, ಯವ್ವಾ, ನೀ ಸತ್ತೀ ಅಂತಾರ ಯವ್ವಾ, ಬಾ ಯವ್ವಾ, ಎಂದು ಅತ್ತಳು, ಓಡಿ ಹೋಗಿ ಸರಳು ಹಿಡಿದು ಹತ್ತಿದೆ, ಅಲ್ಫಿಯಾ ಅಲ್ಫಿಯಾ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ, ಕಿಟಕಿಯಾಚೆ ಬೇವಿನ ಗಿಡ, ಗಿಡದ ಕೆಳಗೆ ಒಂದು ಆಡು, ಅಷ್ಟೇ. ವಾಚ್‌ಮನ್ ಅಂದಪ್ಪ ಬಂದು ಇಳಿಸಿದ, ಇಂಜೆಕ್ಷನ್ ಆಯಿತು, ಮನೆಗೆ ಕಳಿಸುವುದು ಮುಂದಕ್ಕೆ ಹೋಯಿತು. ಎಚ್ಚರಾದ ಮೇಲೆ ಶಿವಲಕ್ಷ್ಮಿ ನನ್ನ ಗದ್ದ ಹಿಡಿದು, ನನ್ನ ಬಾಯಿ ನೋಡು, ಅಳ್ಳಾಡತೈತಿಲ್ಲೊ, ಇದು ಖರೆ ಮಾತು, ಬಾಯಿ ಕಾಣದಿದ್ದರ ಓ ಅನಬ್ಯಾಡ, ಇಷ್ಟ ಕಲಿ, ಮನಿಗೆ ಹೋಗ್ತಿ ಅಂದಳು. ಕಲಿತೆ. ಅವಳು ಕಲಿಸಿದ್ದಕ್ಕಿಂತ ಹೆಚ್ಚೇ ಕಲಿತೆ, ಬಾಯಿ ಇದೆಯೇ ಎಂದು ನೋಡಲು ತಿರುಗಿದರೆ ಕಾಲೂ ಹಿಂದೆಯೇ ಏಳುತ್ತವೆ, ಕಾಲು ಎದ್ದರೆ ಕೂಗುತ್ತೇನೆ, ಅದಕ್ಕೇ ಕಿಟಕಿಯಿಂದ ಬಂದ ದನಿಗೆ ತಿರುಗುವುದೇ ಇಲ್ಲ ಎಂದು ನಾನೇ ಹಾಕಿಕೊಂಡ ನೇಮ. ಆ ಸುಳ್ಳು ಅಲ್ಫಿಯಾ ಆಮೇಲೆ ಎಷ್ಟೋ ಸಲ ಬಂದು ಅತ್ತು ಹೋದಳು, ನಾನು ಚಾದರ ಮಡಚುತ್ತ ಕುಳಿತೆ, ತಿರುಗಲಿಲ್ಲ.

ಯವ್ವಾ. ಹೂಂ, ಬಂದಳು, ನೆನೆದೆನಲ್ಲ, ಬರದೇ ಇರುತ್ತಾಳೆಯೇ, ಚಾದರದ ಅಂಚು ಗದ್ದದ ಕೆಳಗೆ, ಮೂಲೆ ಕೈಯಲ್ಲಿ. ಯವ್ವಾ, ನಾ ಅಲ್ಫಿಯಾ, ಈ ಕಡೆ ಹೊಳ್ಳಿ ನೋಡ. ಅವಳೂ ಹೀಗೆಯೇ ಅನ್ನುವುದು, ನಾ ಅಲ್ಫಿಯಾ ಎಂದೇ ಅನ್ನುವುದು, ಮತ್ತೆ ಯಾರೆಂದು ಹೇಳಿಯಾಳು. ಅಂದಪ್ಪ ಗೇಟಿನ್ಯಾಗ ಬಿಡವಲ್ಲ, ಭೆಟ್ಟಿ ಹೊತ್ತು ಮುಗದೈತಿ ಅಂತಾನ, ಹಿತ್ತಲ ಕಡಿಂದ ಬಂದು ನಿಂತೀನಿ, ಚಿಗವ್ವ ಹಸೀನಾಬಿ ಆಟೋದಾಗ ಕುಂತಾಳ, ಜಲ್ದಿ ಹೋಗಬೇಕು ಯವ್ವಾ. ಈ ಸಲ ಬಹಳ ಕಲಿತು ಬಂದಿದ್ದಾಳೆ, ಅಂದಪ್ಪನ ಹೆಸರು ಸಹ ಗೊತ್ತು, ಯಾಕೆ ಗೊತ್ತಿರುವುದಿಲ್ಲ, ನನ್ನ ತಲೆಯಲ್ಲಿ ಇರುವುದೆಲ್ಲ ಈ ದನಿಗಳಿಗೆ ಗೊತ್ತು ಎಂದು ಡಾಕ್ಟರು ಹೇಳಿದ್ದಾರಲ್ಲ. ಅರಿಷಿಣದ ವಾಸನೆ. ಹಸಿ ಅರಿಷಿಣ, ಎಣ್ಣೆ, ಸ್ವಲ್ಪ ಬೆವರು, ಕಿಟಕಿಯ ಕಡೆಯಿಂದ ಗಾಳಿಯ ಜೊತೆ ಬಂತು — ಇನ್ನು ಮೂಗೂ ಸುಳ್ಳು ಹೇಳಲು ಶುರು ಮಾಡಿತೇ, ಕಿವಿಯೊಂದು ಸಾಲದಾಗಿತ್ತೇ, ಇದನ್ನು ಡಾಕ್ಟರಿಗೆ ಹೇಳಬಾರದು, ಹೇಳಿದರೆ ಮತ್ತೊಂದು ಗುಳಿಗೆ. ಅರಿಷಿಣಾ ಹಚ್ಚ್ಯಾರ, ಹೊಸ್ತಿಲಾ ದಾಟಬಾರದು ಅಂತಾರ, ಬುರ್ಖಾ ಹಾಕ್ಕೊಂಡು ಕದ್ದು ಬಂದೀನಿ, ಕೌದಿ ತಂದೀನಿ, ಜ್ವಾಳಾನೂ ಒಂದು ಹಿಡಿ ಸೆರಗಿನ್ಯಾಗ ಕಟಗೊಂಡು ಬಂದೀನಿ, ಮೂಲಿ ಒಂದು ಹೊಲದು ಕೊಡ, ಸರಳಿನ್ಯಾಗಿಂದ ತೂರಸ್ತೀನಿ, ನೀ ಬಂದು ಹಿಡಿ ಅಷ್ಟ. ನನ್ನ ಕೈ ನಿಂತಿತು, ಬೆರಳುಗಳು ತಾವಾಗಿಯೇ ಸೂಜಿ ಹಿಡಿಯುವ ಹಾಗೆ ಕೂಡಿಕೊಂಡವು, ಕೈಯೇ ಕೈಯೇ, ಮಡಚು, ಮೂಲೆಗೆ ಮೂಲೆ.

ಯವ್ವಾ, ನಿನಗ ಭಾನುವಾರ ಅಂತ ಅಪ್ಪ ಸುಳ್ಳ ಹೇಳ್ಯಾನ. ನಿಖಾ ಇವತ್ತ ಐತಿ, ಇಳಿಹೊತ್ತಿನ ಅಸರ್ ನಮಾಜ ಆದಮ್ಯಾಲ, ಲಕ್ಷ್ಮೇಶ್ವರದವರು ಆಗಲೇ ಬಂದು ಕುಂತಾರ. ನಿನ್ನ ಬ್ಯಾನಿ ಖಬರ ಗೊತ್ತಾದ್ರ ಅವರು ಬ್ಯಾಡ ಅಂತಾರ ಅಂತ, ಅಪ್ಪ ಅವರಿಗೆ ನೀ ಸತ್ತೀ ಅಂತ ಹೇಳ್ಯಾನ. ಹೋದ ವರ್ಷನ ಸತ್ತಾಳ ಅಂತ ಹೇಳ್ಯಾನ ಯವ್ವಾ. — ಸಿಕ್ಕಿಬಿದ್ದೆಯಲ್ಲ, ಅಲ್ಲಿಗೆ ಬಂದೆಯಲ್ಲ, ನನಗೆ ಒಳಗೊಳಗೇ ನಗು ಬಂತು, ಇಷ್ಟು ಹೊತ್ತು ನಿಜದ ಹಾಗೆಯೇ ಮಾತಾಡಿದಳು, ಅರಿಷಿಣ, ಆಟೋ, ಹಸೀನಾಬಿ, ಇನ್ನೇನು ನಂಬಿಯೇ ಬಿಡುತ್ತಿದ್ದೆ, ಕೊನೆಗೆ ಹಳೆ ಹಾಡೇ ಬಾಯಿಗೆ ಬಂತು, ಸತ್ತೀ ಸತ್ತೀ, ಮೈಕಿನವನ ತಂಗಿಯೇ ಇವಳು. ನನ್ನ ಮಗಳು ನನ್ನನ್ನು ಸತ್ತಳು ಅನ್ನುವುದಿಲ್ಲ, ಅವಳ ಬಾಯಿಂದ ಆ ಮಾತು ಬರುವುದಿಲ್ಲ. ಆ ದನಿ ನಿಲ್ಲಲಿಲ್ಲ, ಅಳುತ್ತಿರಲಿಲ್ಲ ಈಗ, ಮೆಲ್ಲಗೆ, ಯಾರಿಗೂ ಕೇಳಬಾರದೆಂಬ ಹಾಗೆ, ನೋಡು ಯವ್ವಾ, ನಾ ಅವರ ಮನಿ ಹೊಕ್ಕರ ಮತ್ತ ನಿನ್ನ ಕಡೆ ಬರಾಕ ಆಗಂಗಿಲ್ಲ, ಸತ್ತಾಕಿ ಕಡೆ ಹೆಂಗ ಬರ್ಲಿ, ಹೆಸರ ತಗದ್ರೂ ಆಗಂಗಿಲ್ಲ. ನನಗ ಹಂತಾ ನಿಖಾ ಬ್ಯಾಡ. ನೀ ಒಂದು ಸಲ ಹೊಳ್ಳಿ ನೋಡು, ಬ್ಯಾಡ ಅನ್ನು, ಇಲ್ಲಾ ಬರೇ ನನ್ನ ಹೆಸರ ಹಿಡದು ಕರಿ, ಅಷ್ಟ ಸಾಕು, ಖಾಜಿ ಕಡೆಯವರು ಕೇಳಿದಾಗ ನಮ್ಮವ್ವ ಬದುಕ್ಯಾಳ ಅಂತ ಎಲ್ಲಾರ ಮುಂದ ಹೇಳ್ತೀನಿ, ಏನ ಆಗತೈತಿ ಆಗ್ಲಿ. ನೀ ಸುಮ್ಮನಿದ್ದರ ನಾನೂ ಸುಮ್ಮನಿರ್ತೀನಿ. ಸುಮ್ಮನಿದ್ದರ ಕುಬೂಲ ಅಂತಾರ, ನಿನಗ ಗೊತ್ತೈತಿ.

ಸರಳಿಗೆ ಬಳೆ ತಾಗಿದ ಸಪ್ಪಳ. ಇಷ್ಟು ಮೆತ್ತಗೆ ಅವಳು ಎಂದೂ ಮಾತಾಡಿರಲಿಲ್ಲ, ಅವಳು ಬರೀ ಅಳುವವಳು, ಇದು ಬೇರೆ, ಒಂದೇ ಒಂದು ಸಲ, ಅರ್ಧ ಕುತ್ತಿಗೆ, ಬಾಯಿ ಇದೆಯೇ ನೋಡಿದರೆ ಏನು ಹೋಗುತ್ತದೆ, ಹೆಗಲು ಆಗಲೇ ತಿರುಗುತ್ತಿದೆ, ಗದ್ದದ ಕೆಳಗಿನ ಅಂಚು ಜಾರುತ್ತಿದೆ — ಗಮನಿಸಿ, ಈಗ ಅಲ್ಮಾಸಬಿ ತಿರುಗಿ ನೋಡಲಿದ್ದಾಳೆ. ಓಹೋ. ನೀನು ಹೇಳಿದ ಹಾಗೆ ಕುಣಿಯುವವಳು ನಾನಲ್ಲ, ಎದ್ದಳು ಅಂದರೆ ಎದ್ದೆ, ಬಿಚ್ಚುತ್ತಾಳೆ ಅಂದರೆ ಬಿಚ್ಚಿದೆ, ಮಗಳ ಕೌದಿ ಅರ್ಧ ಉಳಿಯಿತು ನಿನ್ನಿಂದ, ಮುಗಿಯಿತು ಅದು. ಅಲ್ಮಾಸಬಿ ತಿರುಗಿ ನೋಡಲಿದ್ದಾಳೆ. ನೋಡುವುದಿಲ್ಲ. ತಿರುಗಿ ನೋಡಲಿದ್ದಾಳೆ. ಹಲ್ಲು ಕಚ್ಚಿ ಗೋಡೆಯ ಮೇಲಿನ ಬೇವಿನ ನೆರಳನ್ನೇ ನೋಡಿದೆ, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ಒರೆಸಿಕೊಂಡರೂ ಅದನ್ನು ಸಾರಿಬಿಡುತ್ತಾನೆ, ಚಾದರ ಮಡಚಿದೆ, ಅದರ ಮೇಲೆ ಕೈ ಆಡಿಸಿ ನೆರಿಗೆ ತೆಗೆದೆ, ಮಡಚಿಟ್ಟವುಗಳ ಮೇಲೆ ಇಟ್ಟೆ, ಇನ್ನೊಂದನ್ನು ಎತ್ತಿಕೊಂಡೆ. ಹಿಂದಿನಿಂದ ದೊಡ್ಡದೊಂದು ಉಸಿರು, ದಾರ ಹರಿದ ಹಾಗೆ ಪಟ್ ಎಂದು ಒಂದು ಸಣ್ಣ ಸಪ್ಪಳ, ಆತು ಯವ್ವಾ, ಎಂಬ ಮಾತು, ಒಣ ಎಲೆಗಳ ಮೇಲೆ ಹೆಜ್ಜೆ, ಆಮೇಲೆ ಏನೂ ಇಲ್ಲ.

ಏನೂ ಇಲ್ಲ ಅಂದರೆ ಏನೂ ಇಲ್ಲ. ಮೈಕಿನವನೂ ಇಲ್ಲ. ಇಂಥ ಮೌನ ಎಷ್ಟು ವರ್ಷಗಳಾಗಿತ್ತು ಕೇಳಿ, ಹತ್ತಿ ತುಂಬಿದ ಕೋಣೆಯಲ್ಲಿ ಕುಳಿತ ಹಾಗೆ, ಫ್ಯಾನಿನ ಸಪ್ಪಳ ಫ್ಯಾನಿನದೇ, ಅಮೃತವ್ವನ ಗೊರಕೆ ಅಮೃತವ್ವನದೇ. ಗೆದ್ದೆ, ಒಬ್ಬಳೇ ಕುಳಿತು ಇಬ್ಬರನ್ನೂ ಸೋಲಿಸಿದೆ, ಇದನ್ನು ಮಗಳಿಗೆ ಹೇಳಬೇಕು, ಭಾನುವಾರ ಅವಳ ಕೂದಲು ಹೆಣೆಯುತ್ತ ಹೇಳುತ್ತೇನೆ, ನಿನ್ನ ದನಿಯಾಗ ಒಬ್ಬಾಕಿ ಬಂದು ನನ್ನ ಕರದಳು, ನಾ ಹೊಳ್ಳಿ ನೋಡಲಿಲ್ಲ ನೋಡವಾ, ನಿನ್ನ ಸಲುವಾಗಿ ಅಂತ, ಅವಳು ನಗುತ್ತಾಳೆ, ನಾಳೆ ಸಂಜೆಯೇ ಕೌದಿ ತೊಡೆಯ ಮೇಲೆ ಹಾಕಿಕೊಂಡು ಕೂಡಬೇಕು, ಸೂಜಿ ಅಲ್ಲೇ ಇದೆ, ಕೆಂಪು ದಾರ ಅಲ್ಲೇ ಇದೆ, ಜೋಳ ಅಟ್ಟದ ಗಡಿಗೆಯಲ್ಲಿದೆ. ಬಾಗಿಲು ಕಿರ್ರೆಂದಿತು, ಶಿವಲಕ್ಷ್ಮಿ, ನಾನು ಮೊದಲು ಅವಳ ಬಾಯಿ ನೋಡಿದೆ, ಅಳ್ಳಾಡುತ್ತಿದೆ, ಖರೆ ಮಾತು. ಎಲ್ಲಾ ಮಡಚಿ ಇಟ್ಟೀಯಲ್ಲ, ಶಾಣ್ಯಾಕಿ ಎಂದಳು. ಸಿಸ್ಟರ್‍ರ, ಇವತ್ತ ನಾ ಹೊಳ್ಳಿ ನೋಡಲಿಲ್ರಿ, ಬಹಳ ಕರದರು, ನೋಡಲಿಲ್ರಿ ಎಂದೆ. ಭೇಷ್, ಡಾಕ್ಟರಿಗೆ ಹೇಳ್ತೀನಿ ಎಂದಳು, ಗುಳಿಗೆ ಕೈಗೆ ಕೊಟ್ಟಳು, ನೀರು ಕೊಟ್ಟಳು, ಅದಿರಲಿ, ಮಗಳ ಕೂಡ ಏನ ಮಾತಾಡಿದಿ ಎಂದಳು.

ಯಾವ ಮಗಳು ಎಂದೆ. ನಿನ್ನ ಮಗಳವಾ, ಅಲ್ಫಿಯಾ ಅಲ್ಲೇನ ಆಕಿ ಹೆಸರು, ನಾ ಔಷಧ ತರಾಕ ಹೋಗಿದ್ದೆ, ಹೊಳ್ಳಿ ಬರೂಮುಂದ ಹಿತ್ತಲ ಗೇಟಿನ್ಯಾಗ ಸಿಕ್ಕಳು, ಬಗಲಾಗ ಕೌದಿ, ಕಣ್ಣ ಕೆಂಪಗ ಆಗಿದ್ದವು, ಬಾ ನಾ ಒಳಗ ಕರಕೊಂಡು ಹೋಗ್ತೀನಿ ಅಂದ್ರ ಬ್ಯಾಡ್ರಿ, ಭೆಟ್ಟಿ ಆತು, ನಮ್ಮವ್ವ ಹೇಳೂದು ಹೇಳ್ಯಾಳ ಅಂದು ಆಟೋ ಹತ್ತಿ ಹೋದಳು — ಬಾಯಿ ಅಳ್ಳಾಡುತ್ತಿದೆ, ತುಟಿ ಕೂಡುತ್ತಿದೆ ಬಿಡುತ್ತಿದೆ, ಹಲ್ಲು ಕಾಣುತ್ತಿದೆ, ಇದು ಖರೆ ಮಾತು, ಇದಕ್ಕೆ ಬಾಯಿ ಇದೆ. ಗುಳಿಗೆ ನಾಲಿಗೆಗೆ ಅಂಟಿಕೊಂಡಿದೆ, ನುಂಗಲಾಗುವುದಿಲ್ಲ, ಉಗುಳಲಾಗುವುದಿಲ್ಲ. ನಿಖಾ ಇವತ್ತ ಐತ್ರಿ, ಆಟೋ ನಿಲ್ಲಸ್ರಿ, ನಾ ಸತ್ತೀನಂತ ಹೇಳ್ಯಾರ್ರಿ, ನಾ ಸತ್ತೀನಂತ ಎಂದೆ. ಶಿವಲಕ್ಷ್ಮಿಯ ಬಾಯಿ ಮುಚ್ಚಿಕೊಂಡಿತು. ನನ್ನ ಹೆಗಲ ಮೇಲೆ ಕೈ ಇಟ್ಟಳು, ಮೆತ್ತಗಿನ ಕೈ, ಸಾಯೂ ಮಾತು ಮತ್ತ ಶುರು ಮಾಡಬ್ಯಾಡವಾ, ಭಾನುವಾರ ಐತೆಲ್ಲ ನಿಖಾ, ನಿನ್ನ ಗಂಡನ ಹೇಳ್ಯಾನ, ನಾಳಿ ಮನಿಗೆ ಹೋಗಾಕಿ ನೀ, ಇವತ್ತೊಂದಿನ ಸುಮ್ಮನ ಇರು, ಸುಮ್ಮನ ಇದ್ದರ ಎಲ್ಲಾ ಛಲೋ ಆಗತೈತಿ. ತಿರುಗಿದೆ. ಈಗ ತಿರುಗಿದೆ. ಕಿಟಕಿ, ಬೇವಿನ ಗಿಡ, ಗಿಡದ ಕೆಳಗೆ ಯಾರೂ ಇಲ್ಲ, ಕಿಟಕಿಯ ಕಟ್ಟೆಯ ಮೇಲೆ ಒಂದು ಹಿಡಿ ಜೋಳ ಚೆಲ್ಲಿದೆ, ಸರಳಿನ ಮೇಲೆ ಬೆರಳಿನ ಹಳದಿ ಗುರುತು, ಗುರುತಿನ ಕೆಳಗೆ ಗಂಟು ಹಾಕಿದ ದಾರ. ಗಾಳಿಯಲ್ಲಿ ಅಜಾನ್ ಬಂತು, ಅಸರ್‌ನದು. ಅಮೃತವ್ವಾ, ಕೇಳಸ್ತೇನ, ಅಮೃತವ್ವಾ. ಮುದುಕಿ ಎದ್ದು ಕುಳಿತು ಕಿವಿಗೊಟ್ಟು ಕೇಳಿದಳು, ಹೂಂ ಅಂದಳು, ಇದು ನನ್ನ ಗಂಡ ಅಲ್ಲ ನೋಡವಾ, ಇದು ನಿಮ್ಮದ. ಈಗ ಅಲ್ಲಿ ಪರದೆಯಾಚೆ ನಿಂತು ಕೇಳುತ್ತಾರೆ, ಅವಳು ಸುಮ್ಮನಿರುತ್ತಾಳೆ, ನಾನು ಹೇಳಿದ ಹಾಗೆಯೇ ಸುಮ್ಮನಿರುತ್ತಾಳೆ. ದಾರ ಮುಟ್ಟಿದೆ. ಮೂಲೆಯಿಂದ ಕಿತ್ತದ್ದು, ನನ್ನ ಟಾಕಿಯ ಮಡಿಕೆ ಇನ್ನೂ ಹಾಗೇ ಇದೆ, ಒಂದು ಮಡಿಕೆ, ಇನ್ನೊಂದು, ಬಿಚ್ಚಿದ್ದು, ಹೊಲಿದದ್ದು, ಬಿಚ್ಚಿದ್ದು — ಕೆಂಪು ದಾರ, ಸೂಜಿ ಇಲ್ಲ, ಮೂಲೆ ಇಲ್ಲ, ಬರೀ ಕೆಂಪು ದಾರ.